ಕೊನೆಯ ಪಂಕ್ತಿಯ ತಾಯಂದಿರು



ಇವತ್ತು ಶ್ರಾವಣ ಸೋಮವಾರ. ಇಲ್ಲಿ ಯಲವಿಗಿಯಲ್ಲಿ ಕೂತವರಲ್ಲಿ ಬಹಳ ಜನ ಒಪ್ಪತ್ತು ಇದ್ದೀರಿ. ಗಂಡಸರ ಒಪ್ಪತ್ತು ಎಂಥದೆಂದು ನನಗೂ ಗೊತ್ತು, ನಿಮ್ಮ ಮನೆಯವರಿಗೂ ಗೊತ್ತು: ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಹಾಲು, ಮೇಲೆ ಎರಡು ಕಪ್ಪು ಚಹಾ. ಅದನ್ನೆಲ್ಲ ಮಾಡಿಕೊಟ್ಟ ತಾಯಂದಿರ ಒಪ್ಪತ್ತು ಮಾತ್ರ ಖರೆ ಒಪ್ಪತ್ತು. ಉಪವಾಸ ಬಿಡಿರಿ ಎಂದು ಹೇಳಲು ನಾನು ಇಲ್ಲಿ ಕೂತಿಲ್ಲ. ಉಣ್ಣಲು ಇದ್ದವನು ಒಂದು ಹೊತ್ತು ಬಿಟ್ಟರೆ ಅದು ವ್ರತ. ಉಣ್ಣಲು ಇಲ್ಲದವನ ಹಸಿವಿಗೆ, ಮನೆಯಲ್ಲಿ ಇದ್ದೂ ಪಾಲು ಬಾರದವಳ ಹಸಿವಿಗೆ ವ್ರತವೆಂದು ಹೆಸರಿಟ್ಟು ಕೈ ಮುಗಿಯುವುದು ಶಿವಾಪರಾಧ. ಇವತ್ತಿನ ಮಾತು ಆ ಹಸಿವಿನದು.

ಹಸಿವಿನ ಪ್ರಸಂಗ ಬಂದರೆ ನಮ್ಮ ಪ್ರವಚನಗಳಲ್ಲಿ ಮಾದಾರ ಚೆನ್ನಯ್ಯನವರ ಅಂಬಲಿ ಬಂದೇ ಬರುತ್ತದೆ. ಚೋಳ ಅರಸನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಆ ಶರಣ ತನ್ನ ಪಾಲಿನ ಅಂಬಲಿಯನ್ನು ಶಿವನಿಗೆ ಅರ್ಪಿಸಿದ. ಶಿವ ಅರಸನ ಮೃಷ್ಟಾನ್ನ ಬಿಟ್ಟು ಅದನ್ನು ಸವಿದ. ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ, ಬರಬೇಕಾದದ್ದೇ. ಆದರೆ ಈ ಕಥೆಯನ್ನು ಉಳ್ಳವರು ತಮ್ಮ ಅನುಕೂಲಕ್ಕೆ ಬಳಸಿಕೊಂಡಿದ್ದಾರೆಂಬ ಗುಮಾನಿ ನನಗಿದೆ. ಅಂಬಲಿಯ ಮಹಿಮೆ ಹಾಡಿ ಹಾಡಿ, ಅಂಬಲಿ ಕುಡಿಯುವವನ ಗಂಗಾಳಕ್ಕೆ ಮತ್ತೇನೂ ಬೀಳದಂತೆ ನೋಡಿಕೊಂಡಿದ್ದೇವೆ. ಶಿವ ಅಂಬಲಿ ಕುಡಿದದ್ದು ಅರಸನಿಗೆ ನಾಚಿಕೆಯಾಗಲಿ ಎಂದು. ಚೆನ್ನಯ್ಯ ಹುಟ್ಟಿದಾರಭ್ಯ ಸಾಯುವ ತನಕ ಅಂಬಲಿಯಲ್ಲೇ ಹುಲ್ಲಿನ ಹೊರೆ ಹೊರಲಿ ಎಂದು ಯಾವ ಶರಣರೂ ಹೇಳಿಲ್ಲ.

ಈಚೆಗೆ ಈ ಸೀಮೆಯ ಒಂದು ಅಂಗನವಾಡಿಗೆ ಹೋಗಿದ್ದೆ. ಮಕ್ಕಳ ತೂಕ ಹಾಕುವ ದಿನ. ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗನನ್ನು ಬಗಲಲ್ಲಿಟ್ಟುಕೊಂಡು ಬಂದು, "ನೋಡ್ರಿ ಅಜ್ಜಾರ, ಕೂಸು ಹೆಂಗ ಮೈ ತುಂಬ್ಕೊಂಡೇತಿ" ಎಂದಳು. ಹೌದು, ಗಲ್ಲ ತುಂಬಿದ್ದವು, ಪಾದ ತುಂಬಿದ್ದವು. ಆದರೆ ಕೂದಲು ತಾಮ್ರದ ಬಣ್ಣಕ್ಕೆ ತಿರುಗಿ ತೆಳ್ಳಗಾಗಿತ್ತು. ಹುಡುಗ ಅಳಲಿಲ್ಲ, ನಗಲಿಲ್ಲ, ಕೈಗೆ ಕೊಟ್ಟ ಗಿಲಕಿಯನ್ನು ಹಿಡಿಯಲೂ ಇಲ್ಲ. ಕಾರ್ಯಕರ್ತೆ ಕೂಸನ್ನು ಕೂಡಿಸಿ, ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು, ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ಬಿಟ್ಟಳು. ಬೆರಳಿದ್ದಲ್ಲಿ ಎರಡು ಗುಂಡಿ ಹಾಗೇ ಉಳಿದವು. "ಯಮ್ಮಾ, ಇದು ಮೈ ಅಲ್ಲಬೇ, ನೀರು" ಎಂದಳು. ಏನು ಉಣಿಸುತ್ತೀರಿ ಎಂದು ಕೇಳಿದೆ. "ಎಲ್ಲಾ ಉಣತಾನ್ರಿ ಅಜ್ಜಾರ. ಅನ್ನ, ಬ್ಯಾಳಿಕಟ್ಟು, ಚಾದಾಗ ಬಿಸ್ಕೀಟು. ತಂಗಿ ಹುಟ್ಟಿದ ಮ್ಯಾಲ ಎದಿಹಾಲು ಬಿಡಿಸೇವ್ರಿ." ಅಜ್ಜಿಯ ಮಾತಿನಲ್ಲಿ ಸುಳ್ಳಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ. ಹೊಟ್ಟೆ ತುಂಬಿತ್ತು. ಮೈಗೆ ಬೇಕಾದದ್ದು ಮಾತ್ರ ಸಿಕ್ಕಿರಲಿಲ್ಲ.

ಇದೇ ಲಕ್ಷಣವನ್ನು 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕಂಡು ಬರೆದರು. ಅಲ್ಲಿಯೂ ತಮ್ಮನೋ ತಂಗಿಯೋ ಹುಟ್ಟಿ ಎದೆಹಾಲು ತಪ್ಪಿದ ಮಕ್ಕಳು, ಅಲ್ಲಿಯೂ ಬರೀ ಗೋವಿನಜೋಳದ ಗಂಜಿ. ಡಾಕ್ಟರರು ಇದನ್ನು ಕ್ವಾಶಿಯೋರ್ಕರ್ ಎನ್ನುತ್ತಾರೆ. ರಕ್ತದೊಳಗಿನ ಪ್ರೋಟೀನು ಇಳಿದು, ಇನ್ನೂ ಕೆಲವು ಕಾರಣ ಕೂಡಿ, ನೀರು ಮೈಯಲ್ಲಿ ನಿಲ್ಲುತ್ತದೆ. ಒಟ್ಟು ಆಹಾರವೇ ಕಡಿಮೆಯಾದ ಕೂಸಿನ ಕಥೆ ಬೇರೆ. ಅದು ಒಣಗುತ್ತದೆ, ಎಲುಬು ಎಣಿಸಬಹುದು, ಮುಖ ಮುದುಕರ ಮುಖವಾಗುತ್ತದೆ. ಅದಕ್ಕೆ ಮರಾಸ್ಮಸ್ ಎಂದು ಹೆಸರು. ಒಣಗಿದ ಕೂಸನ್ನು ಊರೆಲ್ಲ ಗುರುತಿಸುತ್ತದೆ, ಬಾತ ಕೂಸನ್ನು ನೋಡಿ ದೃಷ್ಟಿ ತೆಗೆಯುತ್ತಾರೆ. ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಮೂರು ಬಣ್ಣದ ಟೇಪು ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಕೂಸಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಆ ಕೂಸಿಗೆ ಹರಕೆ ಹೊರುವ ಮೊದಲು ಆಸ್ಪತ್ರೆಗೆ ಒಯ್ಯಿರಿ. ಪಾದ ಬಾತಿದ್ದರೆ ಟೇಪು ಏನೇ ಹೇಳಲಿ, ಒಯ್ಯಿರಿ.

ಇಲ್ಲೊಂದು ಎಚ್ಚರಿಕೆ. ಆ ಅಜ್ಜಿ ಅವತ್ತೇ ಮನೆಗೆ ಹೋಗಿ ಹೋಳಿಗೆ, ತುಪ್ಪ, ಹಾಲು ಎಲ್ಲ ಉಣಿಸಲು ಹೊರಟಿದ್ದಳು. ಕರುಳು ಹಾಗೆ ಹೇಳುತ್ತದೆ. ತೀರ ಸೊರಗಿದ ಮೈಗೆ ಒಮ್ಮೆಲೇ ಭಾರಿ ಊಟ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಂತುಬಿಡಬಹುದು. ಅದಕ್ಕೇ ಜಿಲ್ಲಾಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ತಾಯಿ-ಕೂಸನ್ನು ಸುಮಾರು ಎರಡು ವಾರ ಇಟ್ಟುಕೊಂಡು, ಅಳೆದು ಅಳೆದು ಹಾಲಿನ ಮಿಶ್ರಣ ಕೊಟ್ಟು, ಮೈ ಒಗ್ಗಿದಂತೆ ಏರಿಸುತ್ತಾರೆ. "ಎರಡು ವಾರ ಅಲ್ಲಿ ಕುಂತರ ಹೊಲದ ಕೆಲಸ?" ಎಂದು ಗಂಡಂದಿರು ಕೇಳುತ್ತಾರೆ. ತಾಯಿ ದುಡಿಮೆ ಬಿಟ್ಟು ಕೂತ ದಿನಗಳಿಗೆ ಪರಿಹಾರ ಕೊಡುವ ವ್ಯವಸ್ಥೆಯಿದೆ, ಕೇಳಿ ಪಡೆಯಿರಿ.

ಈಗ ಕೂಸಿನ ತಾಯಿಯ ಗಂಗಾಳ ನೋಡೋಣ. ನನಗೆ ಲೆಕ್ಕದ ಚಟ ಇದೆ, ಸ್ವಲ್ಪ ತಾಳಿಕೊಳ್ಳಿ. ಕಳೆ ತೆಗೆಯಲು ಹೋಗುವ ಒಬ್ಬ ತಾಯಿ ದಿನಕ್ಕೆ ಮೂರು ಜೋಳದ ರೊಟ್ಟಿ, ರಾತ್ರಿ ಆ ರೊಟ್ಟಿಯ ಹಿಟ್ಟಿನಷ್ಟೇ ತೂಕದ ಅಕ್ಕಿಯ ಅನ್ನ, ನೀರು ಸಾರು, ಖಾರಬ್ಯಾಳಿ ಹೆಸರಿಗೆ ಮಾತ್ರ, ಮೂರು ಚಹಾ ಎಂದು ಇಟ್ಟುಕೊಳ್ಳಿ. ಎಣ್ಣೆ, ಸಕ್ಕರೆ ಸೇರಿಸಿದರೂ ಅದು 1200 ಕ್ಯಾಲೊರಿಯ ಸುತ್ತಮುತ್ತ ನಿಲ್ಲುತ್ತದೆ. ಪ್ರೋಟೀನು 30 ಗ್ರಾಂ ಮುಟ್ಟುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹಾಕಿಕೊಟ್ಟ ಲೆಕ್ಕ ಹೀಗಿದೆ: 55 ಕಿಲೋ ತೂಕದ, ಮಧ್ಯಮ ದುಡಿಮೆಯ ಹೆಣ್ಣಿಗೆ ದಿನಕ್ಕೆ 2130 ಕ್ಯಾಲೊರಿ, ಸುಮಾರು 46 ಗ್ರಾಂ ಪ್ರೋಟೀನು. ಬಸುರಿಯಾಗಿ ಕೊನೆಯ ಮೂರು ತಿಂಗಳಿದ್ದರೆ ಪ್ರೋಟೀನು ಇನ್ನೂ 22 ಗ್ರಾಂ ಹೆಚ್ಚು, ಅಂದರೆ 68. ಕೂಸಿಗೆ ಹಾಲೂಡಿಸುವ ಮೊದಲ ಆರು ತಿಂಗಳು 600 ಕ್ಯಾಲೊರಿ ಹೆಚ್ಚು. ಬಸುರಿ-ಬಾಣಂತಿಯಾದರೆ ಬೇಕಾದದ್ದರ ಅರ್ಧವೂ ಅವಳ ಗಂಗಾಳದಲ್ಲಿಲ್ಲ. ಅವಳನ್ನು ಕೇಳಿ ನೋಡಿ, "ಹೊಟ್ಟಿ ತುಂಬ ಉಂಡೀನ್ರಿ" ಎನ್ನುತ್ತಾಳೆ. ಅನ್ನ ಹೊಟ್ಟೆಯನ್ನು ಉಬ್ಬಿಸುತ್ತದೆ, ಅವಳ ಮಾತು ಸುಳ್ಳಲ್ಲ.

ಬಸವಣ್ಣನವರು ಈ ಮೈಯನ್ನೇ ಗುಡಿಯಾಗಿ ಕಂಡರು. ಹಾಗಾದರೆ ಕ್ಯಾಲೊರಿ ಕಡಿಮೆ ಬಿದ್ದಾಗ ಗುಡಿಯಲ್ಲಿ ಏನಾಗುತ್ತದೆ? ಮೊದಲ ದಿನ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ, ಜೊತೆಗೇ ಮಾಂಸಖಂಡ ಕರಗುತ್ತದೆ. ಒಲೆಗೆ ಕಟ್ಟಿಗೆ ತೀರಿದಾಗ ಜಂತಿಯ ತೊಲೆ ಕಿತ್ತು ಉರಿಸಿದಂತೆ ಇದು. ಅವತ್ತಿನ ಅಡುಗೆ ಆಗುತ್ತದೆ, ಮನೆ ಉಳಿಯುವುದಿಲ್ಲ. ಹೀಗಾಗಿ ಕ್ಯಾಲೊರಿಗೆ ಬರ ಇರುವ ಮೈಗೆ ನೀವು ಒಂದು ಹಿಡಿ ಬೇಳೆ ಕೊಟ್ಟರೂ, ಅದು ಮಾಂಸ ಕಟ್ಟುವ ಬದಲು ಬೆಂಕಿಗೇ ಹೋಗುತ್ತದೆ. ಅನ್ನ ಸಾಕಷ್ಟು ಇದ್ದು ಕಾಳು ಇಲ್ಲದಿದ್ದರೆ ಉರಿಯಲು ಇದೆ, ಕಟ್ಟಲು ಇಲ್ಲ. ಎರಡೂ ಬೇಕು, ಒಂದೇ ಹೊತ್ತಿಗೆ ಬೇಕು.

ತೊಲೆ ಉರಿಯುತ್ತಿರುವಾಗ ಹೊರಗಿನವರಿಗೆ ಕಾಣುವುದು ಸಣ್ಣಪುಟ್ಟ ಸಂಗತಿಗಳು. ನಾಡಿ ನಿಧಾನವಾಗುತ್ತದೆ, ಬಿಸಿಲಲ್ಲೂ ಚಳಿ ಎನಿಸುತ್ತದೆ. ಮುಟ್ಟು ತಪ್ಪುತ್ತದೆ. ಕುಡುಗೋಲಿನ ಗಾಯ ಒಂದು ವಾರಕ್ಕೆ ಮಾಯಬೇಕಾದದ್ದು ತಿಂಗಳು ಹಿಡಿಯುತ್ತದೆ. ಕರುಳಿನ ಒಳಪದರ ತೆಳುವಾಗಿ ಉಂಡದ್ದೂ ಮೈಗೆ ಹತ್ತುವುದಿಲ್ಲ, ಭೇದಿ ಹಿಡಿಯುತ್ತದೆ, ಭೇದಿಯಿಂದ ಮತ್ತೆ ಸೊರಗು. ಹೃದಯವೂ ಮಾಂಸದ್ದೇ, ಅದೂ ಸಣ್ಣಗಾಗುತ್ತದೆ. ಮೈಯ ಕಾವಲುಗಾರರಾದ ರೋಗನಿರೋಧಕಗಳನ್ನು ಕಟ್ಟುವುದು ಪ್ರೋಟೀನಿನಿಂದಲೇ, ಹಾಗಾಗಿ ಬೇರೆಯವರಿಗೆ ಮೂರು ದಿನದ ನೆಗಡಿಯಾದದ್ದು ಇವಳಿಗೆ ಎದೆಗೆ ಇಳಿಯುತ್ತದೆ. ಇದಕ್ಕೆಲ್ಲ ನಾವು ಕೊಡುವ ಹೆಸರು "ಮೈಗಳ್ಳಿ". ಅತ್ತೆಯರೇ, ಸೊಸೆ ಮಧ್ಯಾಹ್ನ ಗೋಡೆಗೆ ಒರಗಿ ಕೂತರೆ ಬೈಯುವ ಮೊದಲು ಅವಳ ಗಂಗಾಳ ನೆನಪಿಸಿಕೊಳ್ಳಿ.

ಹಸಿವು ಸ್ವಭಾವವನ್ನೂ ಕೆಡಿಸುತ್ತದೆಂದು ಅಳೆದು ನೋಡಿದವರಿದ್ದಾರೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರು 36 ಜನ ಗಟ್ಟಿಮುಟ್ಟಾದ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ದಿನಕ್ಕೆ ಸುಮಾರು 1570 ಕ್ಯಾಲೊರಿ ಮಾತ್ರ ಕೊಟ್ಟರು. ತೂಕದ ಕಾಲು ಭಾಗ ಹೋಯಿತು. ಅದು ಹೋಗಲಿ. ಆ ಯುವಕರು ಯುದ್ಧ ಬೇಡವೆಂದು ಆಯುಧ ಹಿಡಿಯದ ಶಾಂತಿವಾದಿಗಳು, ಹಸಿದ ಜಗತ್ತಿಗೆ ನೆರವಾಗಲಿ ಎಂದೇ ಈ ಪ್ರಯೋಗಕ್ಕೆ ಮೈ ಕೊಟ್ಟವರು. ಅಂಥವರು ಸಿಡುಕರಾದರು, ಮಂಕಾದರು, ಊಟ ಬಿಟ್ಟು ಬೇರೆ ಯೋಚನೆಯೇ ಹೊಳೆಯದಾಯಿತು. ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕ ಓದುತ್ತ ಕೂತರು. ಹಸಿದವನಿಗೆ ಧ್ಯಾನ ಮಾಡು ಎಂದು ಉಪದೇಶಿಸುವ ನಮ್ಮಂಥವರು ಈ ಪ್ರಯೋಗವನ್ನು ಒಮ್ಮೆ ಓದಬೇಕು.

ಆ 1570 ಓದಿದಾಗ ನನಗೆ ನಮ್ಮ ಸೀಮೆಯ ಹಳೆಯ ಲೆಕ್ಕವೊಂದು ನೆನಪಾಗುತ್ತದೆ. 1876-78ರ ಬರ. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರಕ್ಕೂ ಬಿಡದ ಬರ. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು, ನಮ್ಮ ಈ ಭಾಗದ ಬಹುಪಾಲು ಅದರೊಳಗೆ. ಬರಗಾಲದ ಕಾಮಗಾರಿಗೆ ಬಂದ ಕೂಲಿಗಳಿಗೆ ಎಷ್ಟು ಕೊಟ್ಟರೆ ಸಾಯದೆ ಉಳಿದಾರೆಂದು ಸರಕಾರ ಲೆಕ್ಕ ಹಾಕಿತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸು ಸಾಕೆಂದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕಿಂತ ಕಡಿಮೆ, ಸುಮಾರು 1600 ಕ್ಯಾಲೊರಿ. ಮಿನೆಸೋಟಾದ ಯುವಕರು ಅಷ್ಟು ಉಂಡು ನಡೆದಾಡುತ್ತಿದ್ದರು. ಇಲ್ಲಿಯವರು ಅಷ್ಟು ಉಂಡು ಕಲ್ಲು ಒಡೆಯಬೇಕಿತ್ತು, ಕೆರೆ ಮಣ್ಣು ಹೊರಬೇಕಿತ್ತು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ಸಾಲದೆಂದು ಕಡ್ಡಿ ಮುರಿದಂತೆ ಬರೆದರು. 1877ರ ಆರಂಭದಲ್ಲಿ ಮುಂಬೈ ಪ್ರಾಂತದ ಕೂಲಿಗಳು ಈ ಕೂಲಿ ಒಲ್ಲೆವೆಂದು ಕಾಮಗಾರಿ ಬಿಟ್ಟು ನಡೆದರು. ಹಸಿದವರು ಮುಷ್ಕರ ಹೂಡಿದರು ಎಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ದೊಡ್ಡದಾಗಿ ಹೇಳಬೇಕಿತ್ತು.

ಯಲವಿಗಿ ಸ್ಟೇಷನ್ನಿನಲ್ಲಿ ನೀವು ಹುಬ್ಬಳ್ಳಿಗೆ ಹತ್ತುವ ರೈಲಿನ ಹಳಿ ಆ ಬರದ ಕೂಸು. ಬರ ಬಂದಾಗ ಕಾಳು ಒಂದೆಡೆಯಿಂದ ಇನ್ನೊಂದೆಡೆ ಸಾಗಲಿ ಎಂದು 1880ರ ಬರ ಆಯೋಗ ರೈಲು ಹಾಸಲು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಹುಬ್ಬಳ್ಳಿ-ಹರಿಹರದ ಈ ದಾರಿ ಅದರದ್ದು. ಹಳಿ ಬಂತು, ಕಾಳಿನ ಮೂಟೆ ಬಂತು. ಈಗ ಬರಗಾಲದಲ್ಲಿ ನಮ್ಮಲ್ಲಿ ಯಾರೂ ರಸ್ತೆಯ ಮೇಲೆ ಬಿದ್ದು ಸಾಯುವುದಿಲ್ಲ, ಅಷ್ಟರ ಮಟ್ಟಿಗೆ ಶಿವನೂ ಸರಕಾರವೂ ಕೈ ಹಿಡಿದಿವೆ. ಆದರೆ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಜನ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂರರಲ್ಲಿ ಒಂದು ಕೂಸು. ಇದು ಬರವಿಲ್ಲದ ವರ್ಷಗಳ ಬರ.

ಎತ್ತರ ಕಡಿಮೆಯಾದರೇನು, ನಮ್ಮ ವಂಶವೇ ಗಿಡ್ಡ ಎನ್ನುವವರಿದ್ದೀರಿ. ಎತ್ತರ ಹೊರಗಿನ ಗುರುತು ಮಾತ್ರ. ಬಸುರಿನಿಂದ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನದಲ್ಲಿ ಮೆದುಳು ದೊಡ್ಡವರ ಮೆದುಳಿನ ನೂರಕ್ಕೆ ಎಂಬತ್ತರಷ್ಟು ಗಾತ್ರಕ್ಕೆ ಬೆಳೆದುಬಿಡುತ್ತದೆ. ಆ ದಿನಗಳಲ್ಲಿ ಕೊರತೆ ಬಿದ್ದದ್ದನ್ನು ಆಮೇಲೆ ಟ್ಯೂಷನ್ ಹಾಕಿಸಿ ಪೂರ್ತಿ ತುಂಬಲಾಗದು. ಅಷ್ಟೇ ಅಲ್ಲ, ಅದರ ಸಾಲ ಮುಪ್ಪಿನಲ್ಲಿ ವಸೂಲಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ, 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ದಫ್ತರದಲ್ಲಿ ಜೋಪಾನವಾಗಿ ಬರೆದಿಟ್ಟಿತ್ತು. ಆ ದಫ್ತರ ಹಿಡಿದು ಸಂಶೋಧಕರು, ನಡುವಯಸ್ಸು ದಾಟಿದ ಅದೇ ಜನರನ್ನು ಹುಡುಕಿ ಹೃದಯ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಅಚ್ಚಾಯಿತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ, ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3. ತಾಯಿ ಉಣ್ಣದ ತುತ್ತು ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ನೋವಾಗಿ ಬರುತ್ತದೆ. ಕರ್ಮಫಲ ಎಂದು ನಾವು ಜನ್ಮಾಂತರದಲ್ಲಿ ಹುಡುಕುತ್ತೇವೆ, ಈ ಜನ್ಮದ ಅಡುಗೆಮನೆಯನ್ನು ನೋಡುವುದಿಲ್ಲ.

ಕ್ಷಯದ ಮಾತನ್ನೂ ಹೇಳಿಬಿಡುತ್ತೇನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2800 ಕ್ಷಯ ರೋಗಿಗಳ ಮನೆಗಳಿಗೆ ಹೋದರು. ರೋಗಿಗಳಿಗೆಲ್ಲ ಔಷಧದ ಜೊತೆ ಆಹಾರದ ಚೀಲ ಕೊಟ್ಟರು. ಅರ್ಧ ಮನೆಗಳಲ್ಲಿ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂದಾಗ, ಅಕ್ಕಿ-ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಹಿಡಿಯುವುದು ನೂರಕ್ಕೆ ನಲವತ್ತರಷ್ಟು ಇಳಿದಿತ್ತು. ಲಸಿಕೆಯಲ್ಲ, ಹೊಸ ಮಾತ್ರೆಯಲ್ಲ. ತೊಗರಿಬೇಳೆ. ಊರಲ್ಲಿ ಯಾರಿಗಾದರೂ ಕ್ಷಯ ಬಂದರೆ ಅವರ ಮನೆಯ ನೀರು ಮುಟ್ಟುವುದಿಲ್ಲ ನೀವು. ಇನ್ನು ಮೇಲೆ ಆ ಮನೆಗೆ ಬೇಳೆ ಕಳಿಸಿರಿ.

ಹಾಗಾದರೆ ನಮ್ಮ ಹೊಲದಲ್ಲಿ ಏನಿಲ್ಲ? ನಿಮ್ಮ ಅಜ್ಜಂದಿರ ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ತೊಗರಿ, ಹೆಸರು, ಮಡಕಿ, ಅಲಸಂದಿ, ಅಂಚಿಗೆ ಪುಂಡಿ. ಅಕ್ಕಡಿಯ ಕಾಳು ಹೆಣ್ಣುಮಕ್ಕಳ ಸ್ವತ್ತು. ಪೇಟೆಗೆ ಹೋಗುತ್ತಿರಲಿಲ್ಲ, ಗಡಿಗೆಗೆ ಹೋಗುತ್ತಿತ್ತು. ಈಗ ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ನಾನು ರೈತರನ್ನು ದೂರುವುದಿಲ್ಲ. ಕೂಲಿ ಕಡಿಮೆ, ಕೈಗೆ ರೊಕ್ಕ ಬೇಗ. ಆ ಗೋವಿನಜೋಳದ ಬಹುಪಾಲು ಕೋಳಿ ಸಾಕಣೆಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಮನೆಗೆ ರೊಕ್ಕ ಬರುತ್ತದೆ, ಕಾಳು ಬರುವುದಿಲ್ಲ. ರೊಕ್ಕದಲ್ಲಿ ಮೊದಲು ಮೊಬೈಲ್ ರಿಚಾರ್ಜ್, ಆಮೇಲೆ ಗುಟಖಾ, ಉಳಿದರೆ ಬೇಳೆ.

ರೊಟ್ಟಿಯ ಜೊತೆ ಕಾಳು ಪಲ್ಯ ಇಟ್ಟ ನಮ್ಮ ಹಿರಿಯರು ವಿಜ್ಞಾನ ಓದಿರಲಿಲ್ಲ, ಲೆಕ್ಕ ಸರಿ ಇಟ್ಟಿದ್ದರು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಅದು ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಅದನ್ನು ಜೋಳ ತುಂಬುತ್ತದೆ. ಕೂಡಿ ಉಂಡರೆ ಎರಡೂ ಮೈಗೆ ಹತ್ತುತ್ತವೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿ, ರಾಗಿಯನ್ನು ಗೆಲ್ಲಿಸಿದರು. ಬಡವರ ಕಾಳಿನ ಪರ ನಿಂತ ಅಂಥ ಕವಿ ನಮ್ಮ ನೆರೆಯವರೆಂಬುದು ನಮಗೆ ಹೆಮ್ಮೆ. ನನ್ನದೊಂದು ಸಣ್ಣ ತಕರಾರು: ಆ ಸಭೆಗೆ ಹುರುಳಿಯನ್ನೂ ಹೆಸರನ್ನೂ ಕರೆದಿದ್ದರೆ ತೀರ್ಪು ಇನ್ನೂ ಚೆಂದವಾಗುತ್ತಿತ್ತು.

ಬೇಳೆಕಟ್ಟು ಕೂಸಿಗೆ ಶಕ್ತಿ ಎಂಬ ನಂಬಿಕೆ ಬಿಡಿರಿ. ಕಟ್ಟಿನಲ್ಲಿ ನೀರು, ಉಪ್ಪು, ಬಣ್ಣ. ಪ್ರೋಟೀನು ತಳದ ಬೇಳೆಯಲ್ಲಿ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಆ ಬೇಳೆಯನ್ನೇ ಅನ್ನದಲ್ಲಿ ಕಿವುಚಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ ಕೊಡಿ; ಕೂಸಿನ ಹೊಟ್ಟೆ ಸಣ್ಣದು, ನೀರಿನಿಂದ ತುಂಬಿಸಬೇಡಿ. ಶೇಂಗಾ ನೂರು ಗ್ರಾಮಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ, ಹುರುಳಿ, ತೊಗರಿಯಲ್ಲಿ 20ರ ಮೇಲೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರ ಆಹಾರ ಸಂಶೋಧನಾಲಯದವರು ಬಡ ಮಕ್ಕಳಿಗೆಂದು ಒಂದು ಹಿಟ್ಟು ತಯಾರಿಸಿದ್ದರು: ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಹುರಿದ ಕಡಲೆ ಹಿಟ್ಟು ಕಾಲು. ಎರಡೂ ಈ ಸೀಮೆಯ ಬೆಳೆ. ಪುಠಾಣಿ, ಶೇಂಗಾ, ಬೆಲ್ಲ ಕೂಡಿಸಿ ಕುಟ್ಟಿದ ಉಂಡಿ ಅದರ ಮನೆಯ ರೂಪ. ಬೂಸ್ಟು, ಹಾರ್ಲಿಕ್ಸಿನ ರೊಕ್ಕದಲ್ಲಿ ಅದು ಎಷ್ಟೋ ಸೇರು ಆದೀತು. ಶೇಂಗಾ ಬೂಸಲು ಹಿಡಿದಿರಬಾರದು, ಅಷ್ಟು ನೋಡಿಕೊಳ್ಳಿ.

ಮೊಟ್ಟೆಯ ಮಾತು ಬಿಟ್ಟು ಎದ್ದರೆ ನಾನು ಅಂಜಿದೆ ಎಂದಾಗುತ್ತದೆ. 2021ರ ಡಿಸೆಂಬರಿನಲ್ಲಿ ಸರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದಾಗ ಖಾವಿ ತೊಟ್ಟ ಹಲವರು ಬೀದಿಗಿಳಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ಕ್ಯಾಮೆರಾದ ಮುಂದೆ ನಿಂತು ನಮಗೆ ಮೊಟ್ಟೆ ಬೇಕು ಎಂದಳು, ನಾಡೆಲ್ಲ ಕೇಳಿತು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗಿನ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಗದಗ ನಮ್ಮ ಪಕ್ಕದ ಜಿಲ್ಲೆ, ಅಲ್ಲಿಯ ಮಕ್ಕಳು ನಮ್ಮ ನೆಂಟರ ಮಕ್ಕಳು. ನಾನು ಮೊಟ್ಟೆ ತಿನ್ನುವುದಿಲ್ಲ, ತಿನ್ನಿರಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ತಿನ್ನುವ ಮನೆಯ ಕೂಸಿನ ತಟ್ಟೆಯಿಂದ ಅದನ್ನು ಕಸಿಯುವ ಅಧಿಕಾರವನ್ನು ಬಸವಣ್ಣ ನನಗೆ ಕೊಟ್ಟಿಲ್ಲ. ಒಲ್ಲೆನ್ನುವವರ ಹೊಣೆ ದೊಡ್ಡದು: ಮೊಟ್ಟೆ ಬೇಡವೆಂದರೆ ಅಷ್ಟೇ ಪ್ರೋಟೀನಿನ ಹಾಲು, ಕಾಳು ಮನೆಯಲ್ಲಿ ತೋರಿಸಬೇಕು. ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಮಿನಷ್ಟು ಪ್ರೋಟೀನು, ಒಂದು ಮೊಟ್ಟೆಯಲ್ಲಿ ಆರು. ಧರ್ಮದ ಹೆಸರಿನಲ್ಲಿ ಆರನ್ನು ಒಂದು ಮಾಡಲಾಗದು.

ಮುದುಕರನ್ನು ಮರೆತಿಲ್ಲ. ಹಲ್ಲು ಹೋದ ಮೇಲೆ ಅನ್ನ-ಮಜ್ಜಿಗೆ ಸಾಕು ಎಂದು ಕೊಟ್ಟುಬಿಡುತ್ತೀರಿ. ಮುಪ್ಪಿನಲ್ಲಿ ಮಾಂಸಖಂಡ ತಾನಾಗಿಯೇ ಇಳಿಯುತ್ತದೆ, ಪ್ರೋಟೀನು ಸಿಗದಿದ್ದರೆ ಇನ್ನೂ ಬೇಗ. ಬಚ್ಚಲಲ್ಲಿ ಜಾರಿ ತೊಡೆ ಮುರಿದುಕೊಳ್ಳುವವರು ಹೆಚ್ಚಾಗಿ ಹೀಗೆ ಬಲ ಇಳಿದವರೇ. ಹೆಸರುಬೇಳೆ ಮೆತ್ತಗೆ ಬೇಯಿಸಿ ಕೊಡಲು ಹಲ್ಲು ಬೇಕಿಲ್ಲ.

ಇನ್ನು ಮನೆಯ ಪಂಕ್ತಿ. ನಮ್ಮಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಎಲ್ಲರದಾದ ಮೇಲೆ ಬಸುರಿ ಸೊಸೆ. ಅವಳಿಗೆ ಬರುವಾಗ ಪಲ್ಯದ ಬೋಗುಣಿಯಲ್ಲಿ ಒಗ್ಗರಣೆ ಉಳಿದಿರುತ್ತದೆ. ಕೂಸು ದೊಡ್ಡದಾದರೆ ಹೆರಿಗೆ ಕಷ್ಟ ಎಂದು ಅವಳೇ ತುತ್ತು ಕಡಿಮೆ ಮಾಡುವುದೂ ಉಂಟು, ಅದು ತಪ್ಪು ತಿಳಿವಳಿಕೆ. ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ಇದೆ: ಅನ್ನ, ಸಾಂಬಾರು, ಹಾಲು, ಮೊಟ್ಟೆ ಅಥವಾ ಮೊಳಕೆಕಾಳು, ಚಿಕ್ಕಿ. ಸೊಸೆಯನ್ನು ಅಲ್ಲಿಗೆ ಕಳಿಸಲು ಮನೆತನದ ಮರ್ಯಾದೆ ಅಡ್ಡ ಬರುತ್ತದೆ, "ಮಂದಿ ಏನಂದಾರು" ಎನ್ನುತ್ತೀರಿ. ಮಠದ ಪಂಕ್ತಿಯಲ್ಲಿ ಕೂತು ಪ್ರಸಾದ ಉಣ್ಣುವಾಗ ಇಲ್ಲದ ನಾಚಿಕೆ ಅಲ್ಲೇಕೆ? ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸು ಕಳಿಸಿದಳು. ಹೆಚ್ಚಾದದ್ದನ್ನು ಬಿಟ್ಟುಕೊಡುವ ಆ ತಾಯಿಯ ಧರ್ಮವನ್ನು ನಾವು ತಿರುವುಮುರುವು ಮಾಡಿ, ತಾಯಂದಿರ ಪಾಲಿನ ಅಗತ್ಯದ್ದನ್ನೇ ವಾಪಸು ಕಳಿಸುತ್ತಿದ್ದೇವೆ.

ಶ್ರಾವಣ ಮುಗಿಯುವವರೆಗೆ ಪ್ರತಿ ಸೋಮವಾರ ಇಲ್ಲಿ ದಾಸೋಹವಿದೆ. ಎಲ್ಲರೂ ಅಕ್ಕಿ, ಗೋಧಿ, ಬೆಲ್ಲ ಕಳಿಸುತ್ತೀರಿ. ಅಕ್ಕಿ ಈಗಾಗಲೇ ಸಾಕಷ್ಟಿದೆ. ಮುಂದಿನ ವಾರದಿಂದ ಹೆಸರು, ಮಡಕಿ, ಕಡಲೆ, ತೊಗರಿ, ಶೇಂಗಾ ಕಳಿಸಿರಿ. ಹುಗ್ಗಿ ಇದ್ದರೂ ಇಲ್ಲದಿದ್ದರೂ ಮೊಳಕೆಕಾಳಿನ ಪಲ್ಯ, ಗಟ್ಟಿ ಬೇಳೆ, ಮಜ್ಜಿಗೆ ತಪ್ಪುವುದಿಲ್ಲ. ಮೊದಲ ಪಂಕ್ತಿ ಬಸುರಿ, ಬಾಣಂತಿ, ಸಣ್ಣ ಮಕ್ಕಳ ತಾಯಂದಿರಿಗೆ. ಬಡಿಸುವವರು ಗಂಡಸರು. ಬಸುರಿ-ಬಾಣಂತಿಯರು ಅವತ್ತು ಒಪ್ಪತ್ತು ಇರಬೇಡಿ, ನಾನೇ ಹೇಳುತ್ತಿದ್ದೇನೆ, ಶಿವ ಕೋಪಿಸುವುದಿಲ್ಲ. ಅಂಗನವಾಡಿಯ ತಾಯಿ ತಕ್ಕಡಿ, ಟೇಪು ತೆಗೆದುಕೊಂಡು ಬರುತ್ತಾರೆ. ಐದು ವರ್ಷದೊಳಗಿನ ಪ್ರತಿ ಕೂಸನ್ನೂ ಕರೆದುಕೊಂಡು ಬನ್ನಿ, ಮೈ ತುಂಬಿಕೊಂಡಂತೆ ಕಾಣುವ ಕೂಸನ್ನೂ.